ಹಸಿರು ಕುರ್ಚಿಯ ಚಿಕಿತ್ಸೆ

ಬಕೆಟ್ ಕಾರ್ಖಾನೆಯ ಉಗ್ರಾಣದ ಗುಮಾಸ್ತರಿಗೆ ಜ್ಞಾನೋದಯವಾದದ್ದು ಒಂದು ಬುಧವಾರ ಮಧ್ಯಾಹ್ನ, ಊಟವಾದ ಮೇಲೆ. ಸಾಮಾನ್ಯವಾಗಿ ಆ ಹೊತ್ತಿಗೆ ಅವರಿಗೆ ಬರುತ್ತಿದ್ದುದು ನಿದ್ದೆ. ಅಂದು ಮಾತ್ರ, ಕಾರ್ಖಾನೆಗೆ ಹೊಸದಾಗಿ ಸೇರಿದ ಇಂಜಿನಿಯರಮ್ಮ ಎಲ್ಲರನ್ನೂ ಕೂಡಿಸಿ, ನಾವು ಬೆಳಗಾದರೆ ಮುಟ್ಟುವ ಈ ವಸ್ತು ನಿಜವಾಗಿ ಏನು ಎಂದು ತಿಳಿಸಿ ಹೇಳಿದರು. ಗುಮಾಸ್ತರಿಗೆ ಮೊದಲ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಅಲ್ಲಿ ತೂಕಡಿಸಲು ಅನುಕೂಲವಿರಲಿಲ್ಲ. ಹೀಗಾಗಿ ಕೇಳಿಸಿಕೊಂಡರು.

ಕೇಳಿದ್ದಿಷ್ಟು. ಕಣ್ಣಿಗೆ ಕಾಣದ ಒಂದು ಸಣ್ಣ ಕಣ. ಅದಕ್ಕೆ ಎರಡು ಕೈ ಇವೆ ಎಂದುಕೊಳ್ಳಿ. ಒಂಟಿಯಾಗಿದ್ದಾಗ ಅದು ಗಾಳಿಯಲ್ಲಿ ಅಲೆಯುವ ಅನಿಲ, ಯಾರಿಗೂ ಬೇಡ. ಅಂಥವು ಸಾವಿರ ಸಾವಿರ ಸೇರಿ ಕೈ ಕೈ ಹಿಡಿದುಕೊಂಡವೋ, ಉದ್ದನೆಯ ಸರಪಳಿಯಾಗುತ್ತವೆ. ಆ ಸರಪಳಿಗೇ ಪಾಲಿಮರ್ ಎಂದು ಹೆಸರು. ಬಕೆಟ್ಟೆಂದರೆ ಸರಪಳಿಗಳ ಗಂಟು. ಕಾಯಿಸಿದರೆ ಸರಪಳಿಗಳು ಒಂದರ ಮೇಲೊಂದು ಜಾರಿ ಮೆತ್ತಗಾಗುತ್ತವೆ, ಅಚ್ಚಿಗೆ ಹಾಕಿ ತಣಿಸಿದರೆ ಮತ್ತೆ ಗಟ್ಟಿ.

ಗುಮಾಸ್ತರು ಎಷ್ಟೋ ವರ್ಷಗಳಿಂದ ಬಕೆಟ್ ಎಣಿಸುತ್ತಿದ್ದವರು. ಬೀದಿಯಲ್ಲಿ ಯಾರಾದರೂ "ಏನು ಕೆಲಸ?" ಎಂದರೆ "ಹೀಗೇ, ಕಾರ್ಖಾನೇಲಿ" ಎಂದು ಮಾತು ತೇಲಿಸುತ್ತಿದ್ದರು. ಅಂದು ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದರು:

"ಇನ್ಮೇಲೆ ಯಾರಾದ್ರೂ ಕೇಳಿದ್ರೆ, ನಮ್ಮವರು ಪಾಲಿಮರ್ ಕ್ಷೇತ್ರದಲ್ಲಿದ್ದಾರೆ ಅಂತ ಹೇಳು."

"ಬಕೆಟ್ ಕಾರ್ಖಾನೆ ಬಿಟ್ಟುಬಿಟ್ರಾ?" ಎಂದು ಆಕೆ ಗಾಬರಿಯಾದರು.

"ಬಿಟ್ಟಿಲ್ಲ ಕಣೆ. ಬಕೆಟ್ಟೇ ಪಾಲಿಮರು. ನಿನ್ನ ಕೈಲಿರೋ ಬಾಚಣಿಗೆ ಪಾಲಿಮರು. ಹಲ್ಲುಜ್ಜೋ ಬ್ರಷ್ಷು, ಅದರ ಕೂದಲು, ಚಪ್ಪಲಿ ಅಟ್ಟೆ, ಮಳೆ ಕೋಟು, ಗೋಡೆಗೆ ಬಳಿದಿರೋ ಬಣ್ಣ, ಎಲ್ಲಾ ಅದೇ. ನೀನು ಉಟ್ಟಿರೋ ಸೀರೆ ಇದೆಯಲ್ಲ, ಅದರ ಎಳೆ ಎಳೇನೂ ಪಾಲಿಮರು."

"ಅಂಗಡಿಯವನು ರೇಷ್ಮೆ ಅಂದಿದ್ದ."

"ರೇಷ್ಮೆನೂ ಪಾಲಿಮರೇ. ಹುಳ ಮಾಡೋ ಪಾಲಿಮರು."

ಆಕೆ ಸೀರೆಯ ಸೆರಗನ್ನು ಒಮ್ಮೆ ನೋಡಿಕೊಂಡು, ಅಡಿಗೆಮನೆಗೆ ಹೋಗಿ ಹಿಡಿ ಮುರಿದ ಕುಕ್ಕರನ್ನು ತಂದು ಮುಂದಿಟ್ಟರು. "ಹಾಗಾದ್ರೆ ಈ ಹಿಡಿ ಸರಿಮಾಡಿ. ಎಷ್ಟು ದಿನದಿಂದ ಹೇಳ್ತಿದ್ದೀನಿ."

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಇಂಜಿನಿಯರಮ್ಮ ಪಾಲಿಮರಿನಲ್ಲಿ ಎರಡು ಜಾತಿ ಎಂದಿದ್ದರು. ಒಂದು, ಕಾಯಿಸಿದಷ್ಟು ಸಲವೂ ಕರಗಿ, ಹೇಳಿದ ಅಚ್ಚಿಗೆ ಹೋಗಿ ಕೂರುವ ಜಾತಿ. ಬಕೆಟ್ಟು, ಕುರ್ಚಿ ಎಲ್ಲ ಇದೇ. ಇನ್ನೊಂದರಲ್ಲಿ ಸರಪಳಿಗಳು ಅಡ್ಡಡ್ಡಲಾಗಿಯೂ ಕೈ ಹಿಡಿದು ಬಲೆಯಾಗಿಬಿಟ್ಟಿರುತ್ತವೆ. ಒಮ್ಮೆ ಗಟ್ಟಿಯಾದರೆ ಮುಗಿಯಿತು, ಸುಟ್ಟು ಕರಿಯಾದೀತೇ ಹೊರತು ಕರಗದು. ಕರೆಂಟಿನ ಸ್ವಿಚ್ಚು, ಕುಕ್ಕರಿನ ಹಿಡಿ ಈ ಎರಡನೆಯದರಲ್ಲಿ ಬರುತ್ತವೆ. ಈ ಭಾಗ ಬರುವ ಹೊತ್ತಿಗೆ ಗುಮಾಸ್ತರ ಕಣ್ಣು ಒಂದು ಗಳಿಗೆ ಮುಚ್ಚಿತ್ತು. ಅವರು ಹಿಡಿಯನ್ನು ಒಲೆಯ ಮೇಲೆ ಹಿಡಿದು, ಸರಪಳಿ ಜಾರುವುದನ್ನು ಕಾಯತೊಡಗಿದರು. ಸರಪಳಿ ಜಾರಲಿಲ್ಲ. ಮೊದಲು ಹೊಗೆ, ಆಮೇಲೆ ವಾಸನೆ, ಅದರ ಹಿಂದೆಯೇ ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರರು ಬಂದರು.

"ಏನ್ರೀ ಸುಡ್ತಿದ್ದೀರಿ? ನಮ್ಮನೇಲಿ ಕೂರೋಕಾಗ್ತಿಲ್ಲ."

"ಸಣ್ಣ ಪ್ರಯೋಗ ಸಾರ್," ಎಂದರು ಗುಮಾಸ್ತರು, ಕೆಮ್ಮುತ್ತ.

ಹಿಡಿ ಕರಗದ ಜಾತಿಯದೆಂದು ಆಮೇಲೆ ತಿಳಿದಾಗ ಹೆಂಡತಿ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಎರಡನೇ ಜಾತಿ ಬರೀ ಕುಕ್ಕರಲ್ಲಿ ಮಾತ್ರ ಇರಲ್ಲ ಬಿಡಿ, ನನಗೆ ಗೊತ್ತು," ಎಂದರು.

ಆದರೆ ಪೋಸ್ಟ್ ಮಾಸ್ಟರರ ಕಿವಿಗೆ "ಪ್ರಯೋಗ" ಎಂಬ ಮಾತು ಬಿದ್ದಾಗಿತ್ತು. ಅವರ ಕಿವಿಗೆ ಬಿದ್ದದ್ದು ವಿಳಾಸ ತಪ್ಪದೆ ಮನೆಮನೆಗೆ ತಲುಪುತ್ತಿತ್ತು. ಮರುದಿನ ಕ್ಷೌರಿಕನ ಅಂಗಡಿಯಲ್ಲಿ ಗುಮಾಸ್ತರಿಗೆ ಮೊದಲ ಕುರ್ಚಿ ಸಿಕ್ಕಿತು.

"ಕೂದಲೂ ಪಾಲಿಮರಂತೆ, ಹೌದಾ ಸಾರ್?"

"ಹೌದಪ್ಪ. ಉಗುರೂ ಅಷ್ಟೆ. ದೇವರು ಮಾಡಿದ ಪಾಲಿಮರು. ಹತ್ತಿ, ಮರ, ಆಲೂಗಡ್ಡೆ ಹಿಟ್ಟು, ಎಲ್ಲದರಲ್ಲೂ ಅವನು ಮೊದಲೇ ಸರಪಳಿ ಕಟ್ಟಿಟ್ಟಿದ್ದ. ನಾವು ಈಚೆಗೆ ನೋಡಿ ಕಲಿತೆವು."

ಕ್ಷೌರಿಕ ಕತ್ತರಿಯನ್ನು ಗಾಳಿಯಲ್ಲಿ ನಿಲ್ಲಿಸಿ ಯೋಚಿಸಿದ. "ಹಾಗಾದ್ರೆ ನಾನು ಇಷ್ಟು ವರ್ಷ..."

"ಸರಪಳಿ ಕಡೀತಿದ್ದೀಯ."

"ನಮ್ಮಪ್ಪನೂ ಇದೇ ಮಾಡ್ತಿದ್ದ. ಪಾಪ, ಗೊತ್ತಿಲ್ಲದೇ ಹೋಗಿಬಿಟ್ಟ," ಎಂದು ಅವನು ನಿಟ್ಟುಸಿರಿಟ್ಟು, ಅಂದು ತುಂಬ ಗೌರವದಿಂದ ಕ್ಷೌರ ಮಾಡಿದ.

ಹೀಗೆ ಗುಮಾಸ್ತರ ಕೀರ್ತಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ಕೊನೆಯ ಮನೆಯ ದೊಡ್ಡಮ್ಮನ ಬಾಗಿಲನ್ನು ಮುಟ್ಟಿತು.

ದೊಡ್ಡಮ್ಮ ಯಾರಿಗೂ ಸ್ವಂತ ದೊಡ್ಡಮ್ಮನಲ್ಲ. ಬೀದಿಗೆಲ್ಲ ದೊಡ್ಡಮ್ಮ. ಅವರ ಯಜಮಾನರು ಹಾಗೆಯೇ ಎಲ್ಲರಿಗೂ ದೊಡ್ಡಪ್ಪ. ದೊಡ್ಡಪ್ಪ ತೀರಿಕೊಂಡು ಒಂದು ವರ್ಷವಾಗುತ್ತ ಬಂದಿತ್ತು. ಬದುಕಿದ್ದಾಗ ಅವರು ಜಗಲಿಯ ಮೇಲೆ ಒಂದು ಹಸಿರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದರು. ಕೂತರೆ ಏಳುತ್ತಿರಲಿಲ್ಲ. ಅದರಲ್ಲೂ ಬೆಳಗಿನ ಹೊತ್ತು ಸ್ನಾನಕ್ಕೆ ಏಳುವುದೆಂದರೆ ಅವರಿಗೆ ಯಾರೋ ಆಸ್ತಿ ಕಿತ್ತುಕೊಂಡಷ್ಟು ಸಂಕಟ. "ಏಳ್ರೀ, ನೀರು ಕಾದಿದೆ" ಎಂದು ಒಳಗಿನಿಂದ ದೊಡ್ಡಮ್ಮ, "ಬಂದೆ ಬಂದೆ" ಎಂದು ಕುರ್ಚಿಯಿಂದ ದೊಡ್ಡಪ್ಪ. ನೀರು ಆರುತ್ತಿತ್ತು, ದೊಡ್ಡಮ್ಮ ಮತ್ತೆ ಕಾಯಿಸುತ್ತಿದ್ದರು. ಬೀದಿಯವರು ಈ ಕೂಗಿನ ಮೇಲೆಯೇ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮ ಅವರ ಬಟ್ಟೆ, ಕೊಡೆ, ಕೋಲು ಎಲ್ಲವನ್ನೂ ಕೇಳಿದವರಿಗೆ ಕೊಟ್ಟರು. ಕುರ್ಚಿಯೊಂದನ್ನು ಕೊಡಲಿಲ್ಲ. ಅದರಲ್ಲಿ ತಾವೂ ಕೂರಲಿಲ್ಲ, ಬೇರೆಯವರನ್ನೂ ಕೂರಿಸಲಿಲ್ಲ. ಬೀದಿಯಲ್ಲಿ ಅವರು ನಕ್ಕದ್ದನ್ನು ಆಮೇಲೆ ಯಾರೂ ಕಂಡಿರಲಿಲ್ಲ.

ಆ ಕುರ್ಚಿಯ ಒಂದು ಕಾಲು, ಗುಡಿಸುವಾಗ ಪೊರಕೆ ತಗುಲಿ, ಪಟ್ಟೆಂದು ಸೀಳಿತು.

"ಬಿಸಿಲು ದೊಡ್ಡಮ್ಮ," ಎಂದರು ಗುಮಾಸ್ತರು, ಮಂಡಿಯೂರಿ ವೈದ್ಯರಂತೆ ಪರೀಕ್ಷಿಸಿ. "ವರ್ಷಗಟ್ಟಲೆ ಬಿಸಿಲು ಬಿದ್ದು ಒಳಗಿನ ಸರಪಳಿ ತುಂಡಾಗಿದೆ."

"ಸರಿಹೋಗುತ್ತೇನಪ್ಪ? ಹೋಗಲ್ಲ ಅಂದ್ರೆ ಈಗಲೇ ಹೇಳಿಬಿಡು. ನನಗೆ ಆಸೆ ತೋರಿಸ್ಬೇಡ."

"ಇದು ಕರಗೋ ಜಾತಿ. ಕಾರ್ಖಾನೇಲಿ ಬಿಸಿಗಾಳಿಯ ಯಂತ್ರ ಇದೆ, ಸೀಳಿನ ಎರಡೂ ಕಡೆ ಮೆತ್ತಗೆ ಮಾಡಿ ಒತ್ತಿಬಿಟ್ರೆ ಕೈ ಕೈ ಹಿಡ್ಕೊಳ್ಳುತ್ತೆ. ನಾಳೆ ಸಂಜೆ ಜಗಲಿ ಮೇಲಿರುತ್ತೆ. ನನ್ನದು ಜವಾಬ್ದಾರಿ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಕೊನೆಯ ಮಾತೊಂದನ್ನು ಆಡದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕಾರ್ಖಾನೆಯ ಹಿತ್ತಿಲಲ್ಲಿ ಒಂದು ಪುಡಿಯಂತ್ರವಿತ್ತು. ಸೊಟ್ಟಗೆ ಬಂದ ಬಕೆಟ್ಟು, ತೂತು ಬಿದ್ದ ಮಗ್ಗು, ಒಡೆದ ಮುಚ್ಚಳ, ಎಲ್ಲವನ್ನೂ ಅದು ನುರಿಸಿ ಚೂರು ಮಾಡುತ್ತಿತ್ತು. ಚೂರು ಮತ್ತೆ ಕರಗಿ ಇನ್ನೊಂದು ವಸ್ತುವಾಗುತ್ತಿತ್ತು. ಮೊದಲೆಲ್ಲ ಪುಡಿಯಂತ್ರದ ಮೇಸ್ತ್ರಿ ಪ್ರತಿಯೊಂದು ತುಂಡಿಗೂ ಉಗ್ರಾಣಕ್ಕೆ ಬಂದು, "ಸಾರ್, ಇದನ್ನೂ ಹಾಕ್ಲಾ?" ಎಂದು ಕೇಳುತ್ತಿದ್ದ. ಇದರಿಂದ ಗುಮಾಸ್ತರ ಮಧ್ಯಾಹ್ನದ ನಿದ್ದೆಗೆ ತೊಂದರೆಯಾಗುತ್ತಿತ್ತು. ಆದ್ದರಿಂದ ಅವರೇ ನೆಲದ ಮೇಲೆ ಹಳದಿ ಗೆರೆ ಎಳೆದು, ಗೋಡೆಗೆ ತಮ್ಮ ಕೈಯಾರೆ ಬರೆದ ಹಲಗೆ ಹೊಡೆದಿದ್ದರು: "ಗೆರೆಯ ಒಳಗಿರುವುದೆಲ್ಲ ಪುಡಿಗೆ. ಯಾರನ್ನೂ ಕೇಳಬೇಕಾಗಿಲ್ಲ."

ಮರುದಿನ ಗುಮಾಸ್ತರು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹಿಂಬಾಗಿಲಿನಿಂದ ಬಂದರು. ಅಲ್ಲಿ ಲಾರಿ ಚಾಲಕನೊಬ್ಬ ಸರಕು ತುಂಬುವುದನ್ನು ಕಾಯುತ್ತ ನಿಂತಿದ್ದ.

"ಸಾರ್, ನಮ್ಮ ಲಾರಿ ಟಯರೂ ನಿಮ್ಮದೇ ಬಾಬತ್ತಂತೆ?" ಎಂದ ಅವನು.

ಇಂಥ ಪ್ರಶ್ನೆ ಕೇಳಿದ ಮೇಲೆ ನಿಲ್ಲದೆ ಹೋಗುವುದು ಗುಮಾಸ್ತರಿಗೆ ಸಾಧ್ಯವಿರಲಿಲ್ಲ. ಕುರ್ಚಿಯನ್ನು ಕೆಳಗಿಟ್ಟರು. ಎಲ್ಲಿಟ್ಟೆ ಎಂದು ನೋಡಲಿಲ್ಲ.

"ಟಯರು ರಬ್ಬರು. ರಬ್ಬರೂ ಸರಪಳಿನೇ. ಸುರುಳಿ ಸುತ್ತಿಕೊಂಡ ಸರಪಳಿ. ಎಳೆದ್ರೆ ಬಿಚ್ಚಿಕೊಳ್ಳುತ್ತೆ, ಬಿಟ್ರೆ ಸುತ್ತಿಕೊಳ್ಳುತ್ತೆ."

ಹಿಂದೆ ಪುಡಿಯಂತ್ರ ಗರಗರ ಎಂದು ಶುರುವಾಯಿತು. ಗುಮಾಸ್ತರು ದನಿ ಏರಿಸಿದರು.

"ಗಂಧಕ ಹಾಕಿ ಬೇಯಿಸಿದ್ರೆ ಸುರುಳಿ ಸುರುಳಿಗೂ ಗಂಟು ಬೀಳುತ್ತೆ! ಆಮೇಲೆ ಅದು ಕರಗಲ್ಲ! ನಮ್ಮ ಬಕೆಟ್ ಹಾಗಲ್ಲ! ಕೇಳಿಸ್ತಾ?"

"ಇಲ್ಲ ಸಾರ್!"

"ಕೇಳಿಸ್ಕೋ! ಈ ಸದ್ದು ಇದೆಯಲ್ಲ, ಈಗ ಏನೋ ಒಂದು ಪುಡಿಯಾಗ್ತಾ ಇದೆ! ಅದರ ರೂಪ ಹೋಯ್ತು, ಆದ್ರೆ ಸರಪಳಿ ಹೋಗಿಲ್ಲ! ಮತ್ತೆ ಹುಟ್ಟುತ್ತೆ! ಬಾ, ತೋರಿಸ್ತೀನಿ!" ಎಂದು ಚಾಲಕನ ಭುಜ ಹಿಡಿದು ಯಂತ್ರದ ಬಾಯಿಗೆ ಕರೆತಂದು, ಬೊಗಸೆಯೊಡ್ಡಿ ಬೀಳುತ್ತಿದ್ದ ಚೂರುಗಳನ್ನು ತುಂಬಿಕೊಂಡರು. "ನೋಡು, ಎಷ್ಟು ಚೆಂದ ಹಸಿರು! ಇದು ಮೊದಲು ಏನಾಗಿತ್ತೋ, ಪಾಪ..."

ಅವರು ಬೊಗಸೆಯನ್ನು ನೋಡಿದರು. ಆಮೇಲೆ ಹಳದಿ ಗೆರೆಯನ್ನು. ಆಮೇಲೆ ಮೇಸ್ತ್ರಿಯನ್ನು.

"ಕುರ್ಚಿ!" ಎಂದರು.

"ಹೌದು ಸಾರ್, ಕುರ್ಚಿನೇ ಆಗಿತ್ತು," ಎಂದ ಮೇಸ್ತ್ರಿ, ಯಂತ್ರ ನಿಲ್ಲಿಸಿ.

"ಯಾಕಯ್ಯಾ ಹಾಕಿದೆ? ಒಂದು ಮಾತು ಕೇಳಬಾರದಾ?"

ಮೇಸ್ತ್ರಿ ಗೋಡೆಯ ಹಲಗೆಯತ್ತ ಬೆರಳು ತೋರಿಸಿದ.

ಚೂರುಗಳು ಅದಾಗಲೇ ಒಂದು ಚೀಲ ಕೆಂಪು ಚೂರಿನ ಜೊತೆ ಕಲೆತಿದ್ದವು. ಬೇರೆ ಮಾಡುವುದೆಂದರೆ ಹೊಳೆಗೆ ಸುರಿದ ಹಾಲನ್ನು ಮತ್ತೆ ತುಂಬಿಕೊಂಡ ಹಾಗೆ. ಸಂಜೆಯೊಳಗೆ ಆ ಚೀಲ ಅಚ್ಚಿನ ಯಂತ್ರದ ಹೊಟ್ಟೆ ಸೇರಿ, ಹಸಿರು ಕೆಂಪು ಸುಳಿಸುಳಿಯಾದ, ನೋಡಲು ಸ್ವಲ್ಪ ತಲೆತಿರುಗಿಸುವಂಥ ಸ್ನಾನದ ಮಗ್ಗುಗಳಾಗಿ ಹೊರಬಂತು. ಅದೇ ಚಾಲಕ ಅವನ್ನು ಲಾರಿಗೆ ತುಂಬಿಕೊಂಡು ಹೊರಟ. ಗುಮಾಸ್ತರು ಒಂದು ಮಗ್ಗನ್ನು ಎತ್ತಿಟ್ಟುಕೊಂಡು, ಬುತ್ತಿಯ ಚೀಲದಲ್ಲಿ ಮುಚ್ಚಿ ಮನೆಗೆ ತಂದರು.

ದೊಡ್ಡಮ್ಮ ತಮ್ಮ ಮನೆ ಬಾಗಿಲಲ್ಲಿಯೇ ನಿಂತಿದ್ದರು. ಗುಮಾಸ್ತರ ಬರಿಗೈ ನೋಡಿ ಅವರ ಮುಖ ಬಾಡಿತು. ನಿಜ ಹೇಳಲು ಗುಮಾಸ್ತರು ಬಾಯಿ ತೆರೆದರು. ಬಂದದ್ದು ಬೇರೆ.

"ಅದನ್ನ... ಒಳಗೆ ಸೇರಿಸಿಕೊಂಡಿದ್ದಾರೆ, ದೊಡ್ಡಮ್ಮ."

"ಎಲ್ಲಿಗೆ?"

"ಪ್ರಯೋಗಶಾಲೆಗೆ. ಸ್ವಲ್ಪ ದಿನ ಇಟ್ಟುಕೊಂಡು ನೋಡ್ಬೇಕಂತೆ."

ಅಲ್ಲಿಂದ ಶುರುವಾಯಿತು ಕುರ್ಚಿಯ ಚಿಕಿತ್ಸೆ. ದಿನಾ ಸಂಜೆ ಕಾರ್ಖಾನೆಯಿಂದ ಬರುವಾಗ ಗುಮಾಸ್ತರು ದೊಡ್ಡಮ್ಮನ ಜಗಲಿಯ ಮೆಟ್ಟಿಲ ಮೇಲೆ ಕೂತು, ರೋಗಿಯ ಸ್ಥಿತಿ ತಿಳಿಸಬೇಕಾಯಿತು. ಇವತ್ತು ಮೊದಲ ಸುತ್ತು ಬಿಸಿ ಕೊಟ್ಟರು. ಇವತ್ತು ವಿಶ್ರಾಂತಿ. ಕಾಲು ಕೂಡಿಕೊಳ್ಳುತ್ತಿದೆ, ಭಾರ ಹಾಕುವ ಹಾಗಿಲ್ಲ. ಹೇಳಲು ಹೊಸದೇನೂ ಸಿಗದ ದಿನ ನೈಲಾನ್ ಹಗ್ಗದ ವಿಷಯ, ಆಸ್ಪತ್ರೆಯಲ್ಲಿ ಗಾಯ ಹೊಲಿದ ಮೇಲೆ ಮೈಯಲ್ಲೇ ಕರಗಿಹೋಗುವ ದಾರದ ವಿಷಯ, ಮಗುವಿನ ಡೈಪರಿನಲ್ಲಿ ನೀರು ಹೀರಿ ಉಬ್ಬುವ ಕಾಳಿನ ವಿಷಯ ಹೇಳುತ್ತಿದ್ದರು. ದೊಡ್ಡಮ್ಮ ಒಂದು ಲೋಟ ಹಾಲು ಮುಂದಿಟ್ಟು, ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು. ಬೀದಿಯವರು ಎದುರಾದಾಗಲೆಲ್ಲ "ಕುರ್ಚಿ ಹೇಗಿದೆ?" ಎಂದು ವಿಚಾರಿಸುವುದು ಸಭ್ಯತೆಯ ಭಾಗವಾಯಿತು. ಪೋಸ್ಟ್ ಮಾಸ್ಟರರಂತೂ, "ನೋಡೋಕೆ ಬಿಡ್ತಾರಾ? ಯಾವ ಹೊತ್ತಲ್ಲಿ ಬಂದ್ರೆ ಅನುಕೂಲ?" ಎಂದು ಕೇಳಿದರು.

ಹೆಂಡತಿಗೆ ಮಾತ್ರ ನಿಜ ಗೊತ್ತಿತ್ತು. ಅಂಗಿಗಳ ನಡುವೆ ಅಡಗಿಸಿಟ್ಟ ಮಗ್ಗು ಆಕೆಯ ಕೈಗೆ ಸಿಕ್ಕಿತ್ತು.

"ಹೋಗಿ ಹೇಳಿಬಿಡಿ," ಎಂದರು ಆಕೆ.

"ಏನಂತ ಹೇಳ್ಲಿ? ದೊಡ್ಡಪ್ಪನ ಕುರ್ಚೀನ ಪುಡಿಮಾಡಿ ಅಂಗೈ ಮೇಲೆ ಇಟ್ಕೊಂಡು ಚೆಂದ ಇದೆ ಅಂದೆ ಅಂತಲಾ? ಆ ಜೀವ ತಡ್ಕೊಳ್ಳುತ್ತಾ?"

ಕೊನೆಗೆ ಗಂಡ ಹೆಂಡತಿ ಇಬ್ಬರೂ ಅಂಗಡಿ ಅಂಗಡಿ ಅಲೆದರು. ಆ ನಮೂನೆಯ ಕುರ್ಚಿ ಈಗ ಯಾರೂ ಮಾಡುವುದಿಲ್ಲ ಎಂದರು ಎಲ್ಲರೂ. ಬಹಳ ಹುಡುಕಿದ ಮೇಲೆ, ಹಳೆಯ ಅಚ್ಚನ್ನೇ ಕೊಂಡು ಇನ್ನೂ ಅದರಲ್ಲಿ ಕುರ್ಚಿ ತೆಗೆಯುತ್ತಿದ್ದ ಒಂದು ಸಣ್ಣ ಕಾರ್ಖಾನೆ ಸಿಕ್ಕಿತು. ಅದೇ ಹಸಿರು, ಅದೇ ಬೆನ್ನು, ಅದೇ ತೂತು. ಮನೆಗೆ ತಂದು, ಹೆಂಡತಿ ಪಾತ್ರೆ ತಿಕ್ಕುವ ನಾರಿನಿಂದ ಅದರ ಹೊಳಪನ್ನೆಲ್ಲ ತಿಕ್ಕಿ ತೆಗೆದರು. ಗುಮಾಸ್ತರು ಮಣ್ಣು ಸವರಿ, ಒರೆಸಿ, ಮತ್ತೆ ಸವರಿ, ಹೊಸ ಕುರ್ಚಿಗೆ ವಯಸ್ಸು ತರಿಸಿದರು.

ದೊಡ್ಡಮ್ಮ ಕುರ್ಚಿಯನ್ನು ಸುತ್ತುಹಾಕಿ ನೋಡಿದರು. ಕೈಯಿಂದ ಸವರಿದರು. ಸೆರಗು ಹೊದ್ದುಕೊಂಡು ಮೆಲ್ಲಗೆ ಕೂತರು, ಎದ್ದರು. ಗುಮಾಸ್ತರ ಮುಖವನ್ನೇ ಒಂದು ಕ್ಷಣ ನೋಡಿ, "ತುಂಬ ಕಷ್ಟಪಟ್ಟಿದ್ದೀಯಪ್ಪ. ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ," ಎಂದರು.

ಗುಮಾಸ್ತರ ಎದೆಯ ಮೇಲಿಂದ ಬಂಡೆ ಇಳಿಯಿತು. ಇಳಿದದ್ದು ನೇರವಾಗಿ ಕಾಲ ಮೇಲೆ ಬಿತ್ತು. ಏಕೆಂದರೆ ಪೋಸ್ಟ್ ಮಾಸ್ಟರರು ಕನ್ನಡಕ ಏರಿಸಿ ಕುರ್ಚಿಯ ಕಾಲುಗಳನ್ನು ತಡವಿ, "ಮುರಿದ ಕಾಲು ಯಾವುದು ಅಂತಾನೇ ಗೊತ್ತಾಗಲ್ವಲ್ರೀ! ಒಂದು ಗಾಯದ ಗುರುತಿಲ್ಲ!" ಎಂದು ಬೀದಿಗೆಲ್ಲ ಕೇಳುವಂತೆ ಉದ್ಗರಿಸಿದರು.

ಮರುದಿನ ಬೆಳಿಗ್ಗೆ ಗುಮಾಸ್ತರು ಬಾಗಿಲು ತೆರೆದರೆ ಹೊರಗೆ ಸಾಲು. ಬಿರುಕು ಬಿಟ್ಟ ಬಕೆಟ್ಟು, ಹಲ್ಲುದುರಿದ ಬಾಚಣಿಗೆ, ಹೋಳಾದ ಹೆಲ್ಮೆಟ್ಟು, ಮುರಿದ ಕನ್ನಡಕ. ಒಬ್ಬಾತ ಒಡೆದ ನೀರಿನ ಟ್ಯಾಂಕನ್ನು ಉರುಳಿಸಿಕೊಂಡು ಬಂದಿದ್ದ. ಎಲ್ಲಕ್ಕಿಂತ ಮುಂದೆ, ಕರವಸ್ತ್ರದಲ್ಲಿ ತಮ್ಮ ಕಟ್ಟಿಸಿದ ಹಲ್ಲುಗಳ ಎರಡು ತುಂಡು ಹಿಡಿದು, ಪೋಸ್ಟ್ ಮಾಸ್ಟರರು ನಿಂತಿದ್ದರು.

"ಇದೂ ಪಾಲಿಮರೇ ಅಂತ ನೀವೇ ಹೇಳಿದ್ದು," ಎಂದರು ಅವರು, ಬಾಯಿಯ ತುಂಬ ಗಾಳಿಯೊಂದಿಗೆ.

ಗುಮಾಸ್ತರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅವನ್ನೆಲ್ಲ ನಡುಮನೆಯಲ್ಲಿ ಒಟ್ಟಿದರು. ಹೆಂಡತಿ ಅಡಿಗೆಮನೆಗೆ ಹೋಗಬೇಕಾದರೆ ಟ್ಯಾಂಕನ್ನು ಬಳಸಿ ಹೋಗಬೇಕಾಯಿತು. ಪೋಸ್ಟ್ ಮಾಸ್ಟರರು ಗಂಜಿ ಕುಡಿಯತೊಡಗಿದರು, ಮಾತು ಬಹುಮಟ್ಟಿಗೆ ನಿಂತುಹೋಯಿತು. ಅವರ ಹೆಂಡತಿ ಗುಟ್ಟಾಗಿ ಹೇಳಿಕಳಿಸಿದರು: "ನಮ್ಮದೇನೂ ಅವಸರ ಇಲ್ಲ. ನಿಧಾನವಾಗಿ ಜೋಡಿಸಿ."

ಇಷ್ಟರಲ್ಲಿ ಸುದ್ದಿ ಬಡಾವಣೆಯ ಕಸ ವಿಲೇವಾರಿ ಅಧಿಕಾರಿಯ ಕಚೇರಿ ತಲುಪಿತ್ತು. ಅಧಿಕಾರಿ ಜೀಪಿನಲ್ಲಿ ಬಂದಿಳಿದು, ನಡುಮನೆಯ ರಾಶಿಯನ್ನು ನೋಡಿ ಕಣ್ಣರಳಿಸಿದರು.

"ಇಂಥವರನ್ನೇ ನಾವು ಹುಡುಕ್ತಿದ್ದದ್ದು! ಪ್ಲಾಸ್ಟಿಕ್ಕು ನೂರಾರು ವರ್ಷ ಕೊಳೆಯೋಲ್ಲ. ಎಲ್ಲಿ ಸುರಿಯೋದು ಅಂತ ನಮಗೆ ನಿದ್ದೆ ಇಲ್ಲ. ನೀವು ಮುರಿದದ್ದನ್ನೆಲ್ಲ ಗಾಯದ ಗುರುತಿಲ್ಲದ ಹಾಗೆ ಜೋಡಿಸ್ತೀರಿ ಅಂದ್ರೆ ಕಸ ಅನ್ನೋದೇ ಇರಲ್ಲವಲ್ಲ!"

"ಅಷ್ಟು ದೊಡ್ಡದೇನಲ್ಲ ಸಾರ್..."

"ವಿನಯ!" ಎಂದರು ಅಧಿಕಾರಿ, ಸುತ್ತಲಿದ್ದವರ ಕಡೆ ತಿರುಗಿ. "ನಿಜವಾದ ವಿಜ್ಞಾನಿಗಳು ಹೀಗೇ ಇರ್ತಾರೆ. ಭಾನುವಾರ ವಾಚನಾಲಯದ ಹಾಲಿನಲ್ಲಿ ಸನ್ಮಾನ. ಆ ಅಜ್ಜಿಯ ಕುರ್ಚಿ ವೇದಿಕೆ ಮೇಲಿರಬೇಕು. ಆಮೇಲೆ ನಾನೊಂದು ಕುರ್ಚಿ ಮುರೀತೀನಿ, ನೀವು ಎಲ್ಲರೆದುರಿಗೆ ಜೋಡಿಸಿ."

ಆ ದಿನಗಳಲ್ಲಿ ಗುಮಾಸ್ತರು ದೇವರ ಪಟದ ಮುಂದೆ ನಿಂತ ಹೊತ್ತು ಹೆಚ್ಚಾಯಿತು. ಸಣ್ಣ ಜ್ವರವೊಂದನ್ನು ಅವರು ಬೇಡಿಕೊಂಡರು. ದೇವರು ಒಳ್ಳೆಯ ಆರೋಗ್ಯವನ್ನೇ ಕೊಟ್ಟ.

ಭಾನುವಾರ ವಾಚನಾಲಯದಲ್ಲಿ ನಿಲ್ಲಲು ಜಾಗವಿರಲಿಲ್ಲ. ವೇದಿಕೆಯ ನಡುವೆ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಹಸಿರು ಕುರ್ಚಿ ವಿರಾಜಮಾನವಾಗಿತ್ತು. ಅದರ ಒಂದು ಪಕ್ಕದಲ್ಲಿ ಅಧಿಕಾರಿ, ಇನ್ನೊಂದು ಪಕ್ಕದಲ್ಲಿ ಗುಮಾಸ್ತರು. ಗುಮಾಸ್ತರ ಮುಖ ಅವರ ಹಿಂದಿನ ಗೋಡೆಗಿಂತ ಬೆಳ್ಳಗಿತ್ತು. ಮೊದಲ ಸಾಲಿನಲ್ಲಿ ದೊಡ್ಡಮ್ಮ, ಅವರ ಪಕ್ಕದಲ್ಲಿ ಗುಮಾಸ್ತರ ಹೆಂಡತಿ ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಅಧಿಕಾರಿ ಮಾತಾಡುತ್ತ ಮಾತಾಡುತ್ತ ಆವೇಶ ಬಂದು, "ನೋಡಿ, ಎಲ್ಲಿದೆ ಗಾಯ? ಎಲ್ಲಿದೆ?" ಎಂದು ಕುರ್ಚಿಯನ್ನು ತಲೆಕೆಳಗು ಮಾಡಿ ಸಭೆಗೆ ಹಿಡಿದರು.

ಈಗ ಒಂದು ಸಣ್ಣ ವಿಷಯ. ಪ್ಲಾಸ್ಟಿಕ್ಕಿನ ಎಷ್ಟೋ ಅಚ್ಚಿನ ಸಾಮಾನುಗಳನ್ನು ತಿರುಗಿಸಿ ನೋಡಿದರೆ, ತಳದಲ್ಲಿ ಒಂದು ಸಣ್ಣ ದುಂಡು ಗುರುತಿರುತ್ತದೆ. ಸುತ್ತ ತಿಂಗಳುಗಳು, ನಡುವೆ ವರ್ಷ, ಯಾವ ತಿಂಗಳು ಎಂದು ತೋರಿಸಲು ಒಂದು ಬಾಣ. ಅಚ್ಚಿನವರು ತಿಂಗಳು ತಿಂಗಳೂ ಬಾಣ ತಿರುಗಿಸುತ್ತಾರೆ. ಬಕೆಟ್ಟುಗಳ ತಳದಲ್ಲಿ ಈ ಗುರುತು ನೋಡುವುದೇ ಗುಮಾಸ್ತರ ದಿನದ ಕೆಲಸ. ಕುರ್ಚಿಗೆ ಮಣ್ಣು ಸವರುವಾಗ ಮಾತ್ರ ಅದು ಅವರ ನೆನಪಿಗೆ ಬಂದಿರಲಿಲ್ಲ.

ಬೀದಿಯವರಿಗೆ ಅದು ಗೊತ್ತಿರಲಿಲ್ಲ. ಆದರೆ ಎರಡನೆಯ ಸಾಲಿನಲ್ಲಿ ಕೂತಿದ್ದವರು ಜೀವಮಾನವೆಲ್ಲ ದುಂಡು ಮೊಹರಿನ ಒಳಗಿನ ತಾರೀಕು ಓದಿದವರು. ಪೋಸ್ಟ್ ಮಾಸ್ಟರರು ತಮಗರಿವಿಲ್ಲದೆಯೇ ಎದ್ದು, ಕನ್ನಡಕ ಏರಿಸಿ, ವೇದಿಕೆಯ ಬಳಿ ಹೋದರು.

"ಮೊಹರಿದೆ," ಎಂದರು. "ಹೋದ ತಿಂಗಳದ್ದು."

"ಏನು ಹೋದ ತಿಂಗಳು?" ಎಂದರು ಅಧಿಕಾರಿ.

"ಈ ಕುರ್ಚಿ ಹುಟ್ಟಿದ್ದು. ಕೂರೋ ಮನುಷ್ಯ ಹೋಗಿ ವರ್ಷವಾಗ್ತಾ ಬಂತು. ಕುರ್ಚಿ ಹುಟ್ಟಿದ್ದು ಹೋದ ತಿಂಗಳು."

ಹಲ್ಲಿಲ್ಲದ ಬಾಯಿಂದ ಬಂದರೂ ಆ ಮಾತು ಸಭೆಯ ಮೂಲೆಮೂಲೆಗೂ ಸ್ಪಷ್ಟವಾಗಿ ಕೇಳಿಸಿತು. ಯಾರೋ ಕೆಮ್ಮಿದರು. ಟ್ಯಾಂಕಿನವನು ಎದ್ದು ನಿಂತ. ಅಧಿಕಾರಿ ಕುರ್ಚಿಯನ್ನು ಎತ್ತಿದ ಕೈಯಲ್ಲೇ ಹಿಡಿದುಕೊಂಡು, ಇಳಿಸಬೇಕೋ ಬಿಡಬೇಕೋ ತಿಳಿಯದೆ ನಿಂತರು.

ಗುಮಾಸ್ತರು ಯಾರ ಕಡೆಗೂ ನೋಡಲಿಲ್ಲ. ವೇದಿಕೆಯಿಂದ ಇಳಿದು ಬಂದು ದೊಡ್ಡಮ್ಮನ ಮುಂದೆ, ಅಂದು ಕುರ್ಚಿಯ ಮುಂದೆ ಊರಿದ್ದಂತೆ, ಮಂಡಿಯೂರಿದರು.

"ದೊಡ್ಡಮ್ಮ, ಕುರ್ಚಿ ಪುಡಿಯಾಯ್ತು. ಮೊದಲ ದಿನಾನೇ. ನಾನು ಬೆನ್ನು ತಿರುಗಿಸ್ಕೊಂಡು ಪಾಠ ಮಾಡ್ತಿದ್ದೆ. ಚಿಕಿತ್ಸೆ, ಪ್ರಯೋಗಶಾಲೆ, ಎಲ್ಲಾ ಸುಳ್ಳು. ನಿಮ್ಮ ಮುಖ ನೋಡಿ ಹೇಳೋಕೆ ಧೈರ್ಯ ಬರಲಿಲ್ಲ."

"ಗೊತ್ತಿತ್ತು ಕಣಪ್ಪ," ಎಂದರು ದೊಡ್ಡಮ್ಮ.

ಗುಮಾಸ್ತರು ತಲೆಯೆತ್ತಿದರು.

"ಅವರ ಕುರ್ಚಿ ಕೂತ ತಕ್ಷಣ ಎಡಕ್ಕೆ ವಾಲೋದು. ಅವರು ಎಡಕ್ಕೆ ಒರಗಿ ಒರಗಿ ಅದನ್ನ ಹಾಗೆ ಮಾಡಿಟ್ಟಿದ್ರು. ಇದು ನೆಟ್ಟಗೆ ನಿಲ್ಲುತ್ತೆ. ಕೂತಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಬಯ್ಯಲಿಲ್ಲ?"

"ಆ ದಿನ ಮನೇಲಿ ಕೂತು ಅತ್ತೆ. ಅದು ಹೋಯ್ತು ಅಂತ. ಆಮೇಲೆ ಯೋಚನೆ ಮಾಡ್ದೆ. ಅವರು ಹೋದ ಮೇಲೆ ನಮ್ಮ ಜಗಲಿಗೆ ಒಬ್ಬರೂ ಬಂದು ಕೂತಿರಲಿಲ್ಲ. ದುಃಖದ ಮನೆ ಅಂತ ಎಲ್ಲರೂ ಬಾಗಿಲಲ್ಲೇ ಮಾತಾಡಿ ಹೋಗ್ತಿದ್ರು. ನೀನು ದಿನಾ ಸಂಜೆ ಬಂದು ಕೂತು, ಹಗ್ಗ ದಾರ ಅಂತ ಏನೇನೋ ಹೇಳ್ತಿದ್ದೆ. ಸುಳ್ಳೋ ನಿಜವೋ, ಮನೇಲಿ ಒಂದು ದನಿ ಇತ್ತು. ಬಯ್ದುಬಿಟ್ರೆ ನಾಳೆಯಿಂದ ಬರ್ತೀಯೋ ಇಲ್ವೋ ಅಂತ ಸುಮ್ಮನಾದೆ."

ಸಭೆಯಲ್ಲಿ ಅನೇಕರಿಗೆ ತಮ್ಮ ತಮ್ಮ ಚಪ್ಪಲಿಯ ತುದಿ ನೋಡುವ ಕೆಲಸ ಬಿತ್ತು.

"ಅದಿರಲಿ," ಎಂದರು ದೊಡ್ಡಮ್ಮ, ಕಣ್ಣೊರೆಸಿಕೊಂಡು. "ಪುಡಿ ಮಾಡಿದ್ದು ಏನಾಯ್ತು? ಚೆಲ್ಲಿಬಿಟ್ರಾ?"

"ಇಲ್ಲ ದೊಡ್ಡಮ್ಮ, ಚೆಲ್ಲೋದಿಲ್ಲ. ಕರಗಿಸಿ ಬೇರೆ ಅಚ್ಚಿಗೆ ಹಾಕಿದ್ರು."

"ಏನು ಮಾಡಿದ್ರು?"

ಗುಮಾಸ್ತರು ಹೆಂಡತಿಯ ಕಡೆ ನೋಡಿದರು. ಆಕೆ ಚೀಲದಿಂದ ಹಸಿರು ಕೆಂಪು ಸುಳಿಯ ವಸ್ತುವನ್ನು ತೆಗೆದು ದೊಡ್ಡಮ್ಮನ ಕೈಗಿತ್ತರು. "ಇವತ್ತು ಹೇಳದಿದ್ರೆ ನಾನೇ ಕೊಡೋಣ ಅಂತ ತಂದಿದ್ದೆ," ಎಂದರು.

"ಏನಿದು?"

"ಮಗ್ಗು," ಎಂದರು ಗುಮಾಸ್ತರು ತಲೆ ತಗ್ಗಿಸಿ. "ಸ್ನಾನದ ಮಗ್ಗು."

ದೊಡ್ಡಮ್ಮ ಮಗ್ಗನ್ನು ತಿರುಗಿಸಿ ನೋಡಿದರು. "ಇದೊಂದೇನಾ?"

"ಲಾರಿ ತುಂಬ ಹೋದವು. ಎಲ್ಲದರಲ್ಲೂ ಅಷ್ಟಷ್ಟು ಇದೆ."

"ಅವರ ಕುರ್ಚಿ, ಲಾರಿ ತುಂಬ ಸ್ನಾನದ ಮಗ್ಗು."

"ಹೌದು ದೊಡ್ಡಮ್ಮ. ತಪ್ಪಾಯ್ತು."

ದೊಡ್ಡಮ್ಮನ ಭುಜ ಅಲುಗಿತು. ಪಾಪ, ಅಳುತ್ತಿದ್ದಾರೆಂದು ಗುಮಾಸ್ತರ ಹೆಂಡತಿ ಕೈ ಹಿಡಿದುಕೊಂಡರು. ಆದರೆ ಅದು ಅಳುವಲ್ಲ. ಮೊದಲು ಮೂಗಿನಿಂದ ಒಂದು ಸಣ್ಣ ಸದ್ದು ಬಂತು, ಆಮೇಲೆ ಬಾಯಿಂದ, ಆಮೇಲೆ ಹೊಟ್ಟೆಯಿಂದ. ದೊಡ್ಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರೂ ತಡೆಯಲಾರದೆ ನಕ್ಕರು.

"ಜೀವ ಇರೋವರೆಗೂ," ಎಂದು ಉಸಿರು ಸಿಕ್ಕಿದಾಗ ಹೇಳಿದರು, "ಜೀವ ಇರೋವರೆಗೂ ಆ ಕುರ್ಚಿಯಿಂದ ಬಚ್ಚಲಿಗೆ ಎಬ್ಬಿಸೋಕೆ ನನ್ನ ಕೈಲಿ ಆಗಲಿಲ್ಲವಲ್ಲೋ! ಈಗ ಕುರ್ಚಿ ಸಮೇತ ಹೋಗಿ ಬಚ್ಚಲಲ್ಲಿ ಕೂತರಲ್ಲೋ!"

ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಬೀದಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಭೆಗೆ ಸಭೆಯೇ ನಕ್ಕಿತು. ಪೋಸ್ಟ್ ಮಾಸ್ಟರರು ಹಲ್ಲಿಲ್ಲದ್ದನ್ನು ಮರೆತು ಬಾಯಿ ತೆರೆದು ನಕ್ಕರು. ಅರ್ಥವಾಗದೆ ಉಳಿದವರು ಅಧಿಕಾರಿಯೊಬ್ಬರೇ. ಅವರು ತಂದ ಹಾರವನ್ನು ವಾಪಸು ಒಯ್ಯಲು ಮನಸ್ಸಾಗದೆ, ಕೊನೆಗೆ ಕುರ್ಚಿಗೆ ಹಾಕಿ ಜೀಪು ಹತ್ತಿದರು.

ಪೋಸ್ಟ್ ಮಾಸ್ಟರರ ಹಲ್ಲು ಆ ವಾರವೇ ಹಲ್ಲಿನ ವೈದ್ಯರ ಬಳಿ ಸರಿಯಾಯಿತು. ಅವರ ಹೆಂಡತಿ ಗುಮಾಸ್ತರನ್ನು ಕಂಡರೆ ಈಗಲೂ ಅಷ್ಟಾಗಿ ಮಾತಾಡುವುದಿಲ್ಲ. ಬಕೆಟ್ಟು, ಟ್ಯಾಂಕು, ಬಾಚಣಿಗೆಗಳನ್ನು ಗುಮಾಸ್ತರು ಒಂದು ಗಾಡಿಯಲ್ಲಿ ಹೇರಿಕೊಂಡು ಹೋಗಿ, ಕಾರ್ಖಾನೆಯ ಯಜಮಾನರ ಒಪ್ಪಿಗೆ ಕೇಳಿ, ಜಾತಿ ನೋಡಿ ವಿಂಗಡಿಸಿ, ಪುಡಿಗೆ ಕೊಟ್ಟರು. ಹಲಗೆಯ ಮೇಲಿನ ಎರಡನೆಯ ಸಾಲನ್ನು ಅಳಿಸಿ "ಕೇಳಿ ಹಾಕಿ" ಎಂದು ಬರೆದರು. ಈಗ ಮಧ್ಯಾಹ್ನ ಅವರಿಗೆ ನಿದ್ದೆಯಿಲ್ಲ. "ಪರವಾಗಿಲ್ಲ, ನೀವೂ ಮೊದಲನೇ ಜಾತಿಗೇ ಸೇರಿದವರು. ಕಾಯಿಸೋಕೆ ಸ್ವಲ್ಪ ತಡವಾಯ್ತು ಅಷ್ಟೆ," ಎಂದರು ಅವರ ಹೆಂಡತಿ.

ಹೊಸ ಹಸಿರು ಕುರ್ಚಿ ದೊಡ್ಡಮ್ಮನ ಜಗಲಿಯ ಮೇಲಿದೆ. ಅದರಲ್ಲಿ ಯಾರು ಬೇಕಾದರೂ ಕೂರಬಹುದು. ಸಂಜೆ ಬಹಳ ಮಟ್ಟಿಗೆ ಗುಮಾಸ್ತರೇ ಕೂತಿರುತ್ತಾರೆ. ಮೆಟ್ಟಿಲ ಮೇಲೆ ಪೋಸ್ಟ್ ಮಾಸ್ಟರರು, ಕ್ಷೌರಿಕ, ಯಾರಾದರೂ ಇಬ್ಬರು ಮೂವರು ಇದ್ದೇ ಇರುತ್ತಾರೆ.

ಇನ್ನು ಬೆಳಗಿನ ಹೊತ್ತು, ಬೀದಿಯವರು ಮತ್ತೆ ಗಡಿಯಾರ ಸರಿಮಾಡಿಕೊಳ್ಳತೊಡಗಿದ್ದಾರೆ. ದೊಡ್ಡಮ್ಮನ ಬಚ್ಚಲುಮನೆಯಿಂದ ಮೊದಲು ಆ ಹಳೆಯ ಕೂಗು ಕೇಳುತ್ತದೆ: "ಏಳ್ರೀ, ನೀರು ಕಾದಿದೆ." ಉತ್ತರ ಬರುವುದಿಲ್ಲ. ಒಂದು ಗಳಿಗೆ ಬಿಟ್ಟು ಹಂಡೆಯಲ್ಲಿ ಮಗ್ಗು ಮುಳುಗಿದ ಸದ್ದು, ಅದರ ಹಿಂದೆಯೇ ದೊಡ್ಡಮ್ಮನ ದನಿ:

"ಈಗ ಎಲ್ಲಿಗೆ ತಪ್ಪಿಸ್ಕೊಳ್ತೀರಿ, ನೋಡೋಣ!"